ನೆಂಟರಿಗೆಂದು ಇಟ್ಟ ಗ್ಲೌಸು

ನಮ್ಮ ಕುಂಬಾರಕೊಪ್ಪಲಿನಲ್ಲಿ ಒಳ್ಳೆಯ ವಸ್ತು ಮನೆಯವರಿಗಲ್ಲ, ನೆಂಟರಿಗೆ. ಹೊಸ ಚಾಪೆ, ಗಾಜಿನ ಲೋಟ, ಹೂವಿನ ಬೆಡ್‌ಶೀಟು, ಎಲ್ಲ ಬೀರುವಿನೊಳಗೆ. ನಮ್ಮ ಕಸದ ಘಟಕಕ್ಕೆ ದುಡ್ಡು ಹಾಕಿದ್ದ ಪರದೇಶದ ಬ್ಯಾಂಕಿನವರು ಕೊಟ್ಟ ದಪ್ಪ ರಬ್ಬರಿನ ಗ್ಲೌಸಿಗೂ ಅದೇ ಗತಿಯಾಯಿತು. ಮೇಲ್ವಿಚಾರಕಿ ಶಾಂತಾದೇವಿ ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಇಟ್ಟು ಬೀಗ ಹಾಕಿದವಳು, ಸಾಹೇಬರು ನೋಡಲು ಬಂದ ದಿನ ಮಾತ್ರ ತೆಗೆಯುತ್ತಿದ್ದಳು. ನಾವೂ ಕೇಳಲಿಲ್ಲ. ಅಷ್ಟು ಹೊಸದನ್ನು ಕಸಕ್ಕೆ ಅದ್ದಲು ನಮಗೇ ಮನಸ್ಸು ಬರುತ್ತಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿ. ಒಂದು ಶನಿವಾರ ಹಸಿ ಕಸ ಬೇರೆ ಮಾಡುವಾಗ ಬಾಳೆಲೆಯ ಕೆಳಗಿಂದ ನನ್ನ ಹೆಬ್ಬೆರಳಿಗೆ ಏನೋ ಚುಚ್ಚಿತು. ಎತ್ತಿ ನೋಡಿದರೆ ಇಂಜೆಕ್ಷನ್ ಸೂಜಿ. ಸಿರಿಂಜಿನೊಳಗೆ ಯಾರದ್ದೋ ರಕ್ತ ಒಣಗಿ ಕಪ್ಪಾಗಿತ್ತು. ಏಡ್ಸ್ ಅಂದರೆ ಊರಿಗೆ ಊರೇ ನಡುಗುತ್ತಿದ್ದ ಕಾಲ ಅದು. ಸೂಜಿಯಿಂದ ಬರುತ್ತದೆ, ತಾಯಿಯ ಹಾಲಿನಿಂದ ಮಗುವಿಗೂ ಹೋಗುತ್ತದೆ ಎಂದು ಅಂಗನವಾಡಿಯ ಟೀಚರು ಹೇಳಿದ್ದು ನೆನಪಾಯಿತು. ನನ್ನ ಮಗಳಿಗೆ ಇನ್ನೂ ಹಲ್ಲು ಮೂಡಿರಲಿಲ್ಲ.

ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ಶಾಂತಾದೇವಿಗೆ ಹೇಳಿದೆ.

“ದೊಡ್ಡಾಸ್ಪತ್ರೆಗೆ ಹೋಗ್ಬುಡ್ತೀನಕ್ಕ.”

“ಈಗ್ಲೇ ಬ್ಯಾಡ ಕಣೇ ಪ್ರೇಮಾ. ಎಲ್ಲಿ ಚುಚ್ತು ಅಂತ ಕೇಳ್ತಾರೆ. ಸುದ್ದಿ ಪೇಪರಿಗೆ ಹೋದ್ರೆ ಘಟಕಕ್ಕೆ ಬಾಗ್ಲು ಹಾಕ್ಬುಡ್ತಾರೆ. ಸೋಮವಾರ ಬ್ಯಾಂಕಿನೋರು ಬಂದೋಗ್ಲಿ, ನಾನೇ ಕರ್ಕೊಂಡೋಗ್ತೀನಿ.”

ಅವಳು ಹೇಳಿದ್ದು ಸುಳ್ಳಲ್ಲ. ಘಟಕ ಬರುವ ಮೊದಲು ನಮ್ಮ ಬೀದಿಯ ಮೂಲೆಯಲ್ಲಿ ಕಸ ಆಳೆತ್ತರ ಕೊಳೆಯುತ್ತಿತ್ತು. ಈಗ ಅದೇ ಕಸ ಗೊಬ್ಬರವಾಗಿ ರೈತರ ಗಾಡಿ ಹತ್ತುತ್ತಿತ್ತು, ನಮ್ಮಂಥ ಹೆಂಗಸರಿಗೆ ಕೆಲಸವೂ ಸಿಕ್ಕಿತ್ತು. ಬ್ಯಾಂಕಿನವರು ಮೆಚ್ಚಿದರೆ ಬೇರೆ ವಾರ್ಡುಗಳಿಗೂ ಇಂಥದ್ದೇ ಘಟಕ ಬರುವುದಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಮನೆಗೆ ಹೋದಾಗ ಹಾಲು ಕಟ್ಟಿ ಎದೆ ಸಿಡಿಯುತ್ತಿತ್ತು. ಮಗುವನ್ನು ಎತ್ತಿಕೊಳ್ಳಲಿಲ್ಲ. “ಹಾಲು ನಿಂತೋಗೈತೆ ಅತ್ತೆ” ಎಂದೆ. “ಯಾವಳ ಕಣ್ಣು ಬಿತ್ತೋ!” ಎಂದು ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಿದರೆ ಮಗು ಕಕ್ಕಿಕೊಂಡಿತು. ನಾನು ಬಚ್ಚಲಲ್ಲಿ ಎದೆಹಾಲು ಹಿಂಡಿ ಚೆಲ್ಲುತ್ತಾ ಬಿಕ್ಕಿದೆ. ಭಾನುವಾರವೂ ಹಾಗೇ ಕಳೆಯಿತು.

ಸೋಮವಾರ ಗ್ಲೌಸು ಹಾಕಿಕೊಂಡು ಸಾಲಾಗಿ ನಿಂತೆವು. ಘಟಕ ನಡೆಸುವ ಸಂಘದ ಅಧ್ಯಕ್ಷರಾದ ವೃಷಭೇಂದ್ರಪ್ಪನವರು ರಿಟೈರಾದ ಮೇಷ್ಟ್ರು, ನಮ್ಮಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ಬ್ಯಾಂಕಿನ ಹೆಂಗಸು ಸರಿಯಾಗಿ ನನ್ನ ಮುಂದೆಯೇ ನಿಂತು ಏನೋ ಕೇಳಿದಳು.

“ಕೆಲಸದಲ್ಲಿ ಏನಾದ್ರೂ ತೊಂದ್ರೆ ಇದೆಯಾ ಅಂತ ಕೇಳ್ತಿದಾರೆ ಕಣಮ್ಮ” ಎಂದರು ಅಧ್ಯಕ್ಷರು.

ಗೇಟಿನಾಚೆ, ಸಮಾಧಾನ ಮಾಡಲಾರದೆ ಎತ್ತಿಕೊಂಡು ಬಂದಿದ್ದ ಅತ್ತೆಯ ತೋಳಿನಲ್ಲಿ ನನ್ನ ಮಗಳು ಅಳುತ್ತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ನನಗೆ ತಡೆಯಲಾಗಲಿಲ್ಲ.

“ಸೂಜಿ ಚುಚ್ಚೈತೆ ಸಾ. ಮಗೀಗೆ ಹಾಲು ಕೊಡಕ್ಕೆ ಭಯ ಆಯ್ತದೆ. ಆಸ್ಪತ್ರೆಗೆ ಕಳ್ಸಿ ಅಂತ ಹೇಳಿ.”

ಅಧ್ಯಕ್ಷರು ಶಾಂತಾದೇವಿಯ ಕಡೆ ನೋಡಿದರು, ಗೊಬ್ಬರದ ರಾಶಿಯ ಕಡೆ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದರಲ್ಲಿ ನನಗೆ ತಿಳಿದದ್ದು ಒಂದೇ ಮಾತು, ‘ಹ್ಯಾಪಿ’.

“ಅಲ್ಲ ಸಾ, ಅದಲ್ಲ” ಎಂದೆ. ಬಂದವರೆಲ್ಲ ತಟ್ಟಿದ ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ.

ಬ್ಯಾಂಕಿನ ಹೆಂಗಸಿನ ಮುಖ ಅರಳಿತು. ಗೇಟಿನ ಬಳಿ ಹೋಗಿ ಮಗುವನ್ನು ತಾನೇ ಎತ್ತಿಕೊಂಡು ಬಂದು, ಫೋಟೋಗೆಂದು ನನ್ನ ತೋಳಿಗೆ ಕೊಟ್ಟಳು. ಮಗು ಥಟ್ಟನೆ ಅಳು ನಿಲ್ಲಿಸಿ ಸೆರಗಿನೊಳಗೆ ಮುಖ ತೂರಿಸಿತು. ಎಲ್ಲರೂ ನಕ್ಕರು. ಅಷ್ಟು ಜನರೆದುರು ನಾನು ನನ್ನ ಮಗಳ ಬಾಯಿಯನ್ನು ನನ್ನ ಎದೆಯಿಂದ ದೂರ ತಳ್ಳಿ ಹಿಡಿದೆ.