ರಮ್ ಹಾಕದ ಜೆಲ್ಲಿ

ನಿಜಾಮನ ಆಡಳಿತ ಹೋಗಿ ನಾಲ್ಕೈದು ವರ್ಷವಾಗಿತ್ತು. ಲಿಂಗಸುಗೂರಿನ ಹಳೇ ದಂಡಿನ ಛಾವಣಿಯ ಬಂಗಲೆಯಲ್ಲಿ ಕಾಲುವೆ ಎಂಜಿನಿಯರರ ಅಡುಗೆಯವನಾಗಿದ್ದ ಕರಿಬಸಯ್ಯನಿಗೆ ರಮ್ ಬಾಟಲಿ ಮುಟ್ಟುವಾಗೆಲ್ಲ ಮೈ ಮುದುಡುತ್ತಿತ್ತು. ಆದರೂ ಪಾರ್ಟಿಗೆ ಜೆಲ್ಲಿ ಆಗಲೇಬೇಕು. ಡಬ್ಬಿಯ ಹಳದಿ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಸಕ್ಕರೆ, ನಿಂಬೆರಸ ಬೆರೆಸಿ, ರಮ್ ಸುರಿದು, ರಾಯಚೂರಿನಿಂದ ಹೊಟ್ಟಿನಲ್ಲಿ ಹುಗಿದು ತಂದ ಬರ್ಫದ ಗಡ್ಡೆಯ ಮೇಲೆ ಬಟ್ಟಲುಗಳನ್ನಿಡಬೇಕು.

ಈ ಸಲ ರಮ್ ಸುರಿಯುವ ಮೊದಲೇ ಒಂದು ಬಟ್ಟಲು ತೆಗೆದಿಟ್ಟು, ಗಟ್ಟಿಯಾದ ಮೇಲೆ ಅವ್ವನಿಗೆ ಒಯ್ದುಕೊಟ್ಟ. ಲಿಂಗಕ್ಕೆ ತೋರಿಸದೆ ಅವ್ವ ಶಿವಬಸಮ್ಮ ನೀರನ್ನೂ ಕುಡಿದವಳಲ್ಲ. ಇದನ್ನೂ ಅಂಗೈಯ ಲಿಂಗಕ್ಕೆ ಅರ್ಪಿಸಿಯೇ ಬಾಯಿಗಿಟ್ಟಳು. ಎಂಥ ಮಡಿವಂತ ಮಗ ನಾನು ಎಂದು ಕರಿಬಸಯ್ಯ ಒಳಗೊಳಗೇ ಬೀಗಿದ.

ಸಂಜೆ ಪಾರ್ಟಿಗೆ ಬಂದ ಹೆಂಗಸೊಬ್ಬಳು ಕೇಳಿದಳು, "ಇದರಾಗ ಕೋಳಿ ತತ್ತಿ ಹಾಕ್ಯಾರೇನ್ರೀ?"

ಎಂಜಿನಿಯರರ ಹೆಂಡತಿ ನಕ್ಕರು. "ತತ್ತಿ ಎಲ್ಲೀದು! ದನದ ಎಲುಬು, ತೊಗಲು ಕುದಿಸಿ ತೆಗೆದ ಪುಡಿ ಅದು. ಅದಕ್ಕ ಹಿಂಗ ನಡಗತೈತಿ."

ತಟ್ಟೆ ಹಿಡಿದಿದ್ದ ಕರಿಬಸಯ್ಯ ಅದನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಮರುದಿನ ಅವ್ವ ತೊಳೆದ ಬಟ್ಟಲನ್ನು ಅವನ ಮುಂದೆ ಚಾಚಿದಳು. "ಹಲ್ಲಿಲ್ಲದ ಬಾಯಿಗೆ ಭಾಳ ಛಲೋ ಆತಪ್ಪಾ. ಖರೇ ಹೇಳು, ಸೆರಿ ಸೋಕಿದ್ದಿಲ್ಲಲ್ಲ?"

"ಒಂದ್ ತೊಟ್ಟೂ ಇದ್ದಿಲ್ಲವ್ವಾ."

ಆಡಿದ್ದು ಸುಳ್ಳಲ್ಲ.

"ನನಗ ಗೊತ್ತಿತ್ತು ಬಿಡು" ಎಂದು ಅವ್ವ ಎದೆಯ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಕರಿಬಸಯ್ಯ ತೊಳೆದ ಬಟ್ಟಲನ್ನೇ ಹಿತ್ತಲಿಗೆ ಒಯ್ದು, ಬೂದಿ ಹಾಕಿ ಮತ್ತೆ ತಿಕ್ಕತೊಡಗಿದ.