ಎರಡು ಸಲ ಆದ ಮೇಲೆ

ನನ್ನ ತಲೆಬುರುಡೆಯ ಎಡಭಾಗವನ್ನು ತೆರೆದಿದ್ದರು, ನಾನು ಎಚ್ಚರವಾಗಿದ್ದೆ. ಹಳೆಯ ಮೇಜು ಕುರ್ಚಿಗಳ ಹರಾಜು ಕೂಗುವವನು ನಾನು, ಬಾಯಿಯೇ ಬಂಡವಾಳ. "ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಅದನ್ನ ಅಲ್ಲೇ ಬಿಟ್ಟು ಬಂದೀರಿ ಮತ್ತೆ," ಎಂದು ನಗಿಸುತ್ತಾ ಬಂದ ಹೆಂಡತಿ, ಆಪರೇಷನ್ ಕೋಣೆಯ ಬಾಗಿಲಲ್ಲಿ ಅತ್ತುಬಿಟ್ಟಿದ್ದಳು.

ಎಡ ಹಣೆಯ ಹಿಂದೆ, ಮಿದುಳಿನಲ್ಲಿ ಮಾತನ್ನು ಹೊರಡಿಸುವ ಜಾಗವೊಂದಿದೆಯಂತೆ. ಕೇಳಿದ್ದನ್ನು ಅರ್ಥಮಾಡಿಕೊಳ್ಳುವ ಜಾಗ ಇನ್ನೂ ಹಿಂದೆ, ಕಿವಿಯ ಹತ್ತಿರ. ಮುಂದಿನದು ಕೆಟ್ಟರೆ ಎಲ್ಲ ತಿಳಿಯುತ್ತದೆ, ಹೇಳಲು ಮಾತ್ರ ಆಗುವುದಿಲ್ಲ. ನನ್ನ ಗಡ್ಡೆ ಅದರ ಅಂಚಿಗೇ ಅಂಟಿಕೊಂಡಿತ್ತು. ಡಾಕ್ಟರಮ್ಮ ಸಣ್ಣ ಕಡ್ಡಿಯಿಂದ ಅಲ್ಲಲ್ಲಿ ಕರೆಂಟು ಮುಟ್ಟಿಸುತ್ತಾರೆ. ಮಾತು ನಿಂತ ಕಡೆ ಚೀಟಿ ಇಟ್ಟು ಬಿಟ್ಟುಬಿಡುತ್ತಾರೆ, ನಿಲ್ಲದ ಕಡೆ ಕತ್ತರಿಸುತ್ತಾರೆ. ಮಿದುಳಿಗೆ ನೋವು ಗೊತ್ತಾಗುವುದಿಲ್ಲವಂತೆ. ಭಯ ಮಾತ್ರ ಚೆನ್ನಾಗಿಯೇ ಗೊತ್ತಾಗುತ್ತಿತ್ತು.

"ಹೇಗಾದ್ರೂ ಸರಿ, ಮಾತಾಡ್ತಾನೇ ಇರಿ," ಎಂದರು ಡಾಕ್ಟರಮ್ಮ. ನರ್ಸ್ ಕುರ್ಚಿಯ ಚಿತ್ರ ಹಿಡಿದಳು.

"ತೇಗದ ಕುರ್ಚಿ, ಕಾಲು ಗಟ್ಟಿ! ಒಂದು ಸಲ! ಎರಡು ಸಲ!"

ಅಲ್ಲಿ ಸುಮ್ಮನಾದೆ. ಎರಡನೆಯ ಕೂಗಾದ ಮೇಲೆ ಉಸಿರು ಬಿಗಿಹಿಡಿದು ನಿಂತರೆ ಎಂಥ ಜಿಪುಣನೂ ಕೈ ಎತ್ತುತ್ತಾನೆ. ನಮ್ಮ ಕಸುಬಿನ ಗುಟ್ಟೇ ಅದು.

"ಮಾತು ನಿಂತಿತು. ಇಲ್ಲಿ ಚೀಟಿ ಇಡಿ, ಈ ಭಾಗ ಬಿಟ್ಬಿಡೋಣ."

ಗಡ್ಡೆಯ ಉಳಿದ ತುಂಡು ಮತ್ತೆ ಬೆಳೆಯುತ್ತದೆ ಎಂದು ಅವರೇ ಹೇಳಿದ್ದರು.

"ಮೇಡಂ, ಅದು ನಿಂತಿದ್ದಲ್ಲ, ನಾನೇ ನಿಲ್ಸಿದ್ದು! ಹರಾಜಲ್ಲಿ ಹಾಗೇ ಕಾಯೋದು!"

ಡಾಕ್ಟರಮ್ಮ ಕಡ್ಡಿಯನ್ನು ಮತ್ತೆ ಎತ್ತಿಕೊಂಡರು. "ಇನ್ನೊಂದ್ಸಲ ನೋಡ್ತೀನಿ. ಈಗ ಯಾರಿಗೂ ಕಾಯ್ಬೇಡಿ."

ಮತ್ತೆ ಅಲ್ಲೇ ಮುಟ್ಟಿಸಿದರು. ಒಂದೇ ಉಸಿರಿಗೆ ಮೂರೂ ಸಲ ಕೂಗಿ ಕುರ್ಚಿ ಮಾರಿದೆ. ಚೀಟಿ ತೆಗೆದರು. ಕಡ್ಡಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು. ಈಗ ಬೀರುವಿನ ಚಿತ್ರ.

"ಕನ್ನಡಿ ಬೀರು! ಒಂದು ಸಲ! ಎರಡು ಸಲ!"

ಮೂರು ಎನ್ನುವುದು ತಲೆಯಲ್ಲಿ ಸ್ಪಷ್ಟವಾಗಿತ್ತು. ಬಾಯಿಗೆ ಬರಲಿಲ್ಲ.

"ಇದೂ ನಿಮ್ಮ ಕಸುಬೇನಾ?" ಎಂದರು ಡಾಕ್ಟರಮ್ಮ.

ಪ್ರಶ್ನೆ ಪೂರ್ತಿ ಅರ್ಥವಾಯಿತು. ಅಲ್ಲ, ಅಲ್ಲ ಎಂದು ಒಳಗೇ ಅರಚಿದೆ. ಕಾಯುತ್ತಿದ್ದಾನೆ ಎಂದುಕೊಂಡು ಕತ್ತರಿಸಿಬಿಟ್ಟರೆ? ಜೀವಮಾನವೆಲ್ಲ ಬೇರೆಯವರ ಕೈ ಎತ್ತಿಸಿದವನು ನಾನು. ಹೊದಿಕೆಯಡಿಯಿಂದ ನನ್ನ ಎಡಗೈಯನ್ನೇ ಎತ್ತಿದೆ.

ಕಡ್ಡಿ ಮೇಲೆದ್ದಿತು. ಮಾತು ಬಂತು.

"ಅದು ಮಾರಾಟಕ್ಕಿಲ್ಲ ಮೇಡಂ," ಎಂದು ಅತ್ತುಬಿಟ್ಟೆ.