ಬೊಂಬೆಯ ಅಂಗಿ

ತೀರಿಕೊಂಡ ಮೇಷ್ಟ್ರನ್ನು ನೆನೆಯಲು ಸಭಾಭವನದಲ್ಲಿ ಕುರ್ಚಿಗಳು ಸಾಲದಷ್ಟು ಜನ ಸೇರಿದ್ದರು. ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವುದು ಹೇಗೆಂದು ಅವರು ಹನ್ನೆರಡು ವರ್ಷ, ಪ್ರತಿ ಭಾನುವಾರ, ಅಲ್ಲೇ ಪುಕ್ಕಟೆ ಕಲಿಸಿದ್ದರು.

"ನಮ್ಮಪ್ಪ ಇವತ್ತು ಬದುಕಿರೋದು ಮೇಷ್ಟ್ರು ಕಲಿಸಿದ್ದಕ್ಕೆ," ಎಂದು ಕ್ಷೌರದಂಗಡಿಯವನು ಕಣ್ಣೊರೆಸಿಕೊಂಡ. ಆಮೇಲೆ ಮೇಷ್ಟ್ರ ಹೆಂಡತಿಯತ್ತ ಬಗ್ಗಿ ಕೇಳಿದ: "ಅಕ್ಕಾ, ಆವತ್ತು ಮೇಷ್ಟ್ರು ಕುಸಿದಾಗ ಮನೇಲಿ ನೀವೊಬ್ರೇ ಇದ್ರಂತೆ. ಎಷ್ಟು ಹೊತ್ತು ಒತ್ತಿದ್ರಿ?"

"ಆಂಬುಲೆನ್ಸ್ ಬರೋವರೆಗೂ," ಎಂದಳು.

ಅವಳು ಒತ್ತಿರಲಿಲ್ಲ. ಗಂಡನ ಅಂಗಾಲು ಉಜ್ಜುತ್ತ ಬರೀ ಕೂಗಿಕೊಂಡಿದ್ದಳು. ಊರಿಗೆಲ್ಲ ಕಲಿಸಿದವರು ಅವಳಿಗೆ ಕಲಿಸಿರಲಿಲ್ಲ. ತರಗತಿ ಮುಗಿದ ಮೇಲೆ ಅಭ್ಯಾಸದ ರಬ್ಬರ್ ಬೊಂಬೆಯನ್ನು ಹೆಗಲಿಗೇರಿಸಿಕೊಂಡು ಬಂದು, "ತಗೊಳ್ಳೇ, ನಿನ್ನ ಮೈದುನ ಬಂದ. ಮುಖ ತೊಳೆಸು," ಎನ್ನುತ್ತಿದ್ದರು.

"ನಂಗೂ ಹೇಳ್ಕೊಡ್ರೀ."

"ನೀನೆಲ್ಲಿಗೆ ಓಡಿಹೋಗ್ತೀಯ? ಮನೇಲೇ ಇರ್ತೀಯಲ್ಲ. ಮುಂದಿನ ವಾರ."

ಅವಳೂ ಹಟ ಹಿಡಿಯಲಿಲ್ಲ. ಯಾವಾಗಲೂ ಒಲೆಯ ಮೇಲೆ ಏನಾದರೊಂದು ಇರುತ್ತಿತ್ತು.

ಸಭೆ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಡದೆ ಬೊಂಬೆಯನ್ನು ನೆಲದ ಮೇಲೆ ಮಲಗಿಸಿದಳು. ತಾನೇ ನೂರಾರು ಸಲ ಒಗೆದ ಅದರ ಅಂಗಿಯ ಗುಂಡಿ ಬಿಚ್ಚಿ, ಬೊಂಬೆಯ ಪೆಟ್ಟಿಗೆಯ ಮೇಲಿನ ಚಿತ್ರ ನೋಡುತ್ತ, ಕೈಮೇಲೆ ಕೈಯಿಟ್ಟು ಒತ್ತಿದಳು. ಸರಿಯಾಗಿ ಒತ್ತಿದರೆ ಒಳಗೆ ಟಿಕ್ ಎನ್ನುತ್ತದೆಂದು ಅವರು ಯಾವಾಗಲೋ ಹೇಳಿದ್ದರು.

ಮೊದಲ ಸಲಕ್ಕೇ ಟಿಕ್ ಎಂದಿತು. ಮತ್ತೆ ಒತ್ತಿದಳು. ಮತ್ತೂ ಟಿಕ್ ಎಂದಿತು.

"ಇಷ್ಟೇನಾ ರೀ?" ಎಂದಳು.